ಹಸಿರು ಗೋಡೆಯ ಮುಂದೆ ಮಕ್ಕಳಿಗೆ ಏನು ಹೇಳೋಣ?

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ ಮೂರು ನಾಲ್ಕು ತಿಂಗಳು ಇದ್ದು ಬರುವುದು ನಮ್ಮ ಧರ್ಮಕೇಂದ್ರಗಳ ಹಿರಿಯರಿಗೆ ಈಗ ಹೊಸ ಸಂಗತಿಯೇನಲ್ಲ. ನಮ್ಮಲ್ಲಿ ಬೇಸಿಗೆ ರಜೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಅಲ್ಲಿನ ಶಾಲೆಗಳಿಗೆ ರಜೆ ಆರಂಭವಾಗುತ್ತದೆ. ಮಗ, ಸೊಸೆ, ಮೊಮ್ಮಕ್ಕಳು, ಊರಿನಿಂದ ಬಂದ ಅಜ್ಜ ಅಜ್ಜಿ ಎಲ್ಲರೂ ಒಂದೇ ಕಾರಿನಲ್ಲಿ ಕುಳಿತು ಪ್ರವಾಸ ಹೊರಡುತ್ತಾರೆ. ನಯಾಗರ ಜಲಪಾತ, ವಾಷಿಂಗ್ಟನ್, ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆ ಇವಿಷ್ಟನ್ನು ನಾಲ್ಕು ದಿನಗಳಲ್ಲಿ ನೋಡಿ ಮುಗಿಸುವುದು ರೂಢಿ. ಮರಳಿ ಬಂದ ಮೇಲೆ ತೋರಿಸಲು ಛಾಯಾಚಿತ್ರಗಳು ಹೇರಳವಾಗಿರುತ್ತವೆ. ಮೊಮ್ಮಕ್ಕಳೊಡನೆ ಏನು ಮಾತನಾಡಿದಿರಿ ಎಂದು ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ.

ಇಂತಹ ಕುಟುಂಬಗಳಿಗೆ ನಾವು ಒಂದು ಸ್ಥಳವನ್ನು ಸೂಚಿಸಲು ಬಯಸುತ್ತೇವೆ. ಅದು ದೇವಾಲಯವಲ್ಲ, ವಸ್ತು ಸಂಗ್ರಹಾಲಯವೂ ಅಲ್ಲ. ಬಾಸ್ಟನ್ ನಗರದಲ್ಲಿರುವ ಫೆನ್ವೇ ಪಾರ್ಕ್ ಎಂಬ ಬೇಸ್‌ಬಾಲ್ ಕ್ರೀಡಾಂಗಣ. ಬೇಸ್‌ಬಾಲಿನ ಗಂಧವೂ ಇಲ್ಲದ ನಮ್ಮವರು ಅಲ್ಲಿ ಹೋಗಿ ಮಾಡುವುದೇನು ಎಂದು ಹುಬ್ಬೇರಿಸುವವರಿದ್ದಾರೆ. ಗಂಧವಿಲ್ಲದಿರುವುದೇ ಒಳ್ಳೆಯದು ಎನ್ನುವುದು ನಮ್ಮ ಅಭಿಪ್ರಾಯ. ಪ್ರವಾಸದ ಉಳಿದೆಲ್ಲ ಕಡೆ ಹಿರಿಯರು ಹೇಳುವವರು, ಮಕ್ಕಳು ಕೇಳುವವರು. ಇಲ್ಲಿ ಹತ್ತು ವರ್ಷದ ಮೊಮ್ಮಗಳು ಗುರುವಾಗುತ್ತಾಳೆ, ಎಪ್ಪತ್ತರ ಅಜ್ಜ ಶಿಷ್ಯನಾಗುತ್ತಾನೆ. ಒಂದು ತಂಡಕ್ಕೆ ಒಂಬತ್ತು ಮಂದಿ, ಒಂಬತ್ತು ಇನ್ನಿಂಗ್ಸ್, ಮೂವರು ಔಟಾದರೆ ಸರದಿ ಬದಲು, ಚೆಂಡು ಬೇಲಿ ದಾಟಿದರೆ ಹೋಮ್‌ರನ್ ಎಂಬಷ್ಟು ತಿಳಿದರೆ ಆರಂಭಕ್ಕೆ ಸಾಕು. ಕ್ರಿಕೆಟ್ ಬಲ್ಲವರಿಗೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ಚೆಂಡೆಸೆತಗಳ ನಡುವಿನ ಬಿಡುವಿಗೆ 2023ರಿಂದ ಗಡಿಯಾರದ ಮಿತಿ ಬಂದಿರುವುದರಿಂದ ಸರಾಸರಿ ಪಂದ್ಯ ಎರಡು ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಸಣ್ಣ ಮಕ್ಕಳನ್ನು ಕರೆದೊಯ್ಯುವವರಿಗೆ ಇದೂ ಒಂದು ಅನುಕೂಲ.

ಕೆನ್ಮೋರ್ ಎಂಬ ನೆಲದಡಿಯ ರೈಲು ನಿಲ್ದಾಣದಲ್ಲಿ ಇಳಿದು ಕೆಲವೇ ನಿಮಿಷ ನಡೆದರೆ ಇಟ್ಟಿಗೆಯ ಹಳೆಯ ಕಟ್ಟಡವೊಂದು ಎದುರಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಯಾವುದೋ ಕಾಲದ ಕಾರ್ಖಾನೆಯಂತೆ ಕಾಣುತ್ತದೆ. ನಾವು ಕುಟುಂಬ ಸಮೇತ ಹೋದಾಗ ನಮ್ಮ ಜೊತೆಗಿದ್ದ ಹಿರಿಯರೊಬ್ಬರು 'ಇದಕ್ಕಾಗಿ ಇಷ್ಟು ದೂರವೇ?' ಎಂದರು. ಒಳಗಿನ ಕತ್ತಲೆಯ ಹಾದಿ ಹಿಡಿದು ಮೆಟ್ಟಿಲೇರಿ ಹೊರಬಂದ ಕೂಡಲೇ ಕಣ್ಣೆದುರು ಹುಲ್ಲು ಹಾಸು, ಎಡಕ್ಕೆ 37 ಅಡಿ ಎತ್ತರದ ಹಸಿರು ಗೋಡೆ. ಹಿರಿಯರು ಮಾತಾಡಲಿಲ್ಲ.

ಆ ಗೋಡೆಯ ಹೆಸರು 'ಗ್ರೀನ್ ಮಾನ್‌ಸ್ಟರ್', ಹಸಿರು ಭೂತ. ಅದರ ಹಿಂದೆ ಲ್ಯಾನ್ಸ್‌ಡೌನ್ ಎಂಬ ರಸ್ತೆ ಮೊದಲೇ ಇದ್ದುದರಿಂದ ಮೈದಾನವನ್ನು ಆ ಕಡೆಗೆ ವಿಸ್ತರಿಸಲು ಜಾಗವಿರಲಿಲ್ಲ. ಬ್ಯಾಟುಗಾರ ನಿಲ್ಲುವ ಸ್ಥಳದಿಂದ ಎಡಬದಿಯ ಅಂಚಿಗೆ ಬರೀ 310 ಅಡಿ. ಹಾಗೆ ಬಿಟ್ಟರೆ ಸುಲಭದ ಹೊಡೆತಗಳೆಲ್ಲ ಬೀದಿಗೆ ಬೀಳುತ್ತಿದ್ದವು. ಹಿಂದೆ ಅದರ ತುಂಬ ಸೋಪು, ಮದ್ಯ ಮುಂತಾದವುಗಳ ಜಾಹೀರಾತುಗಳಿದ್ದವು. ಅವನ್ನು ಅಳಿಸಿ ಹಸಿರು ಬಣ್ಣ ಬಳಿದದ್ದು 1947ರಲ್ಲಿ. ಗೋಡೆಯ ಬುಡದಲ್ಲಿರುವ ಅಂಕಫಲಕದ ಅಂಕಿಗಳನ್ನು ಈ ವಿದ್ಯುನ್ಮಾನ ಯುಗದಲ್ಲೂ ಒಳಗೆ ಕುಳಿತ ಮನುಷ್ಯರೇ ಕೈಯಿಂದ ಬದಲಾಯಿಸುತ್ತಾರೆ. ಗೋಡೆಯ ಕಿಂಡಿಯಿಂದ ಒಂದು ಕೈ ಹೊರಬಂದು ಅಂಕಿಯನ್ನು ತೂಗುಹಾಕುವುದನ್ನು ನೋಡಲು ಮಕ್ಕಳು ಪಂದ್ಯವನ್ನೇ ಮರೆಯುತ್ತಾರೆ.

ಈ ಮೈದಾನದಲ್ಲಿ ಮೊದಲ ಅಧಿಕೃತ ಲೀಗ್ ಪಂದ್ಯ ನಡೆದದ್ದು 1912ರ ಏಪ್ರಿಲ್ 20ರಂದು. ಟೈಟಾನಿಕ್ ಹಡಗು ಮುಳುಗಿ ಐದು ದಿನವಾಗಿತ್ತು. ಪತ್ರಿಕೆಗಳ ಮುಖಪುಟದಲ್ಲಿ ಮೈದಾನಕ್ಕೆ ಜಾಗವಿರಲಿಲ್ಲ. ಮೊದಲ ಚೆಂಡನ್ನು ಎಸೆದವರು ನಗರದ ಮೇಯರ್ ಜಾನ್ ಫಿಟ್ಜೆರಾಲ್ಡ್. ಐರ್ಲೆಂಡಿನಿಂದ ವಲಸೆ ಬಂದ ಕಥೋಲಿಕ ದಂಪತಿಗಳ ಮಗ. ಅವರ ಮಗಳ ಮಗ ಜಾನ್ ಕೆನೆಡಿ 1961ರಲ್ಲಿ ಅಮೆರಿಕದ ಪ್ರಥಮ ಕಥೋಲಿಕ ಅಧ್ಯಕ್ಷರಾದರು. ಹಿಂದಿನ ಶತಮಾನದಲ್ಲಿ ಬರಗಾಲಕ್ಕೆ ಊರು ಬಿಟ್ಟು ಬಂದ ಐರಿಷ್ ಜನರನ್ನು ಬಾಸ್ಟನ್ನಿನ ಹಳೆಯ ಮನೆತನಗಳು ಬಾಗಿಲ ಹೊರಗೇ ನಿಲ್ಲಿಸಿದ್ದವು. ಅವರ ಧರ್ಮವೂ ಬಡತನವೂ ಒಂದೇ ಎಂಬಂತೆ ಹೀಯಾಳಿಸಲ್ಪಡುತ್ತಿದ್ದವು. ಅಂಥವರ ಮಗನೊಬ್ಬ ನಗರದ ಪ್ರಥಮ ಪ್ರಜೆಯಾಗಿ ಹೊಸ ಮೈದಾನದಲ್ಲಿ ನಿಂತದ್ದು ಆ ಜನರಿಗೆ ಎಷ್ಟು ದೊಡ್ಡ ಸಂಗತಿಯಾಗಿದ್ದೀತು! ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದು ಮತ್ತೆ ಬರಲಿದೆ.

ಭಾನುವಾರದ ವಿಷಯವನ್ನೂ ಇಲ್ಲಿ ಹೇಳಬೇಕು. ಬಾಸ್ಟನ್ನಿನಲ್ಲಿ ಭಾನುವಾರ ಬೇಸ್‌ಬಾಲ್ ಆಡಲು ಅನುಮತಿ ದೊರೆತದ್ದೇ 1929ರಲ್ಲಿ. ಆಗಲೂ ಫೆನ್ವೇ ಹತ್ತಿರ ಚರ್ಚೊಂದು ಇದ್ದುದರಿಂದ ಇಲ್ಲಿ ಆಡುವಂತಿರಲಿಲ್ಲ. 1932ರ ತನಕ ಈ ತಂಡ ಭಾನುವಾರಗಳಂದು ನಗರದ ಇನ್ನೊಂದು ಮೈದಾನಕ್ಕೆ ಹೋಗಿ ಆಡುತ್ತಿತ್ತು. ಭಾನುವಾರ ಬೆಳಿಗ್ಗೆ ಬಲಿಪೂಜೆಯ ಹೊತ್ತಿಗೇ ಕ್ರಿಕೆಟ್ ಪಂದ್ಯಾವಳಿ ಏರ್ಪಡಿಸುವ ನಮ್ಮ ಕೆಲವು ಯುವಕರಿಗೆ ಈ ಸಂಗತಿ ವಿಚಿತ್ರವಾಗಿ ಕಾಣಬಹುದು.

ಇಲ್ಲಿ ಆಡಿ ಹೆಸರಾದವರಲ್ಲಿ ಬೇಬ್ ರೂತ್ ಒಬ್ಬ. ಬಾಲ್ಟಿಮೋರ್ ನಗರದಲ್ಲಿ ಬೀದಿ ಸುತ್ತುತ್ತಿದ್ದ ಹುಡುಗನನ್ನು ಏಳನೆಯ ವಯಸ್ಸಿನಲ್ಲಿ ಸಂತ ಮೇರಿ ಕೈಗಾರಿಕಾ ಶಾಲೆಗೆ ಸೇರಿಸಿದರು. ಸಂತ ಫ್ರಾನ್ಸಿಸ್ ಝೇವಿಯರರ ಹೆಸರು ಹೊತ್ತ ಸಹೋದರರ ಸಭೆ ನಡೆಸುತ್ತಿದ್ದ ಶಾಲೆಯದು. ಅಲ್ಲಿನ ಬ್ರದರ್ ಮಥಾಯಸ್ ಎಂಬ ಭಾರಿ ದೇಹದ ಸಹೋದರರು ಹುಡುಗನ ಕೈಗೆ ಬ್ಯಾಟು ಕೊಟ್ಟು ಪಳಗಿಸಿದರು. ಅವರನ್ನು ಆತ ಕೊನೆಯವರೆಗೂ ನೆನೆಯುತ್ತಿದ್ದ. 1914ರ ಜುಲೈಯಲ್ಲಿ ಬಾಸ್ಟನ್ನಿಗೆ ಬಂದ ಈತನಿದ್ದ ರೆಡ್ ಸಾಕ್ಸ್ ತಂಡ 1918ರ ವರ್ಲ್ಡ್ ಸೀರೀಸ್ ಗೆದ್ದಿತು. ಮರುವರ್ಷದ ಕೊನೆಯಲ್ಲಿ ಮಾಲೀಕರು ಆತನನ್ನು ಒಂದು ಲಕ್ಷ ಡಾಲರಿಗೆ ನ್ಯೂಯಾರ್ಕಿಗೆ ಮಾರಿಬಿಟ್ಟರು. ಜೊತೆಗೆ ಪಡೆದ ಸಾಲಕ್ಕೆ ಈ ಮೈದಾನವೇ ಅಡವು. ಆ ಮೇಲೆ ತಂಡ ಮತ್ತೆ ಆ ಕಿರೀಟ ಧರಿಸಿದ್ದು 2004ರಲ್ಲಿ, 86 ವರ್ಷಗಳ ಅನಂತರ. ಅಷ್ಟು ಕಾಲ ಸೋಲುವ ತಂಡವನ್ನು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಆಸ್ತಿಯಂತೆ ಒಪ್ಪಿಸಿಕೊಂಡು ಬಂದ ಮನೆಗಳು ಆ ಊರಿನಲ್ಲಿವೆ. ಗೆಲ್ಲುವವರ ಹಿಂದೆ ಮಾತ್ರ ಓಡಬೇಕೆಂದು ಮಕ್ಕಳಿಗೆ ಕಲಿಸುವ ಈ ದಿನಗಳಲ್ಲಿ ಇದು ಸಾಮಾನ್ಯ ನಿಷ್ಠೆಯಲ್ಲ.

ಆ ನಿಷ್ಠೆಯೇ ಮೈದಾನವನ್ನೂ ಉಳಿಸಿತು. 1999ರಲ್ಲಿ ಅಂದಿನ ಆಡಳಿತ ಇದನ್ನು ಬಿಟ್ಟು ಪಕ್ಕದಲ್ಲೇ ಹೊಸ ಕ್ರೀಡಾಂಗಣ ಕಟ್ಟುವ ಯೋಜನೆ ಪ್ರಕಟಿಸಿತು. ಹಳೆಯ ಗೋಡೆಯ ಪ್ರತಿಕೃತಿಯನ್ನು ಹೊಸದರಲ್ಲಿ ಕಟ್ಟಿಕೊಡುವುದಾಗಿಯೂ ಹೇಳಿತು! ಸೀಟುಗಳು ಇಕ್ಕಟ್ಟು, ಕಂಬಗಳು ಅಡ್ಡ, ದುರಸ್ತಿ ಅಸಾಧ್ಯ ಎಂಬ ಕಾರಣಗಳು ನಮಗೂ ಅಪರಿಚಿತವಲ್ಲ. ಹಳೆಯ ಕಟ್ಟಡ ಕೆಡವುವ ಎಲ್ಲ ಸಭೆಗಳಲ್ಲೂ ಕೇಳಿಬರುವ ಮಾತುಗಳೇ. ಊರಿನ ಅಭಿಮಾನಿಗಳು ಸಂಘ ಕಟ್ಟಿ ವಿರೋಧಿಸಿದರು. 2002ರಲ್ಲಿ ತಂಡ ಕೈಬದಲಾಯಿತು. ಹೊಸ ಮಾಲೀಕರು ಜಾನೆಟ್ ಮೇರಿ ಸ್ಮಿತ್ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ವರ್ಷಕ್ಕಿಷ್ಟು ಎಂಬಂತೆ ಹತ್ತು ವರ್ಷ ದುರಸ್ತಿ ಮಾಡಿಸಿದರು. ಅಸಾಧ್ಯವೆಂದದ್ದು ಸಾಧ್ಯವಾಯಿತು. 2012ರಲ್ಲಿ ಶತಮಾನೋತ್ಸವದ ವೇಳೆಗೆ ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು.

ಹೀಗಾಗದ ಕಡೆ ಏನಾಯಿತು ಎಂಬುದಕ್ಕೆ ಡೆಟ್ರಾಯಿಟ್ ಸಾಕ್ಷಿ. ಫೆನ್ವೇ ಆರಂಭವಾದ ಅದೇ ದಿನ, ಅದೇ 1912ರ ಏಪ್ರಿಲ್ 20ರಂದು, ಅಲ್ಲಿಯೂ ಒಂದು ಮೈದಾನ ಆರಂಭವಾಗಿತ್ತು. ಕೊನೆಯ ಪಂದ್ಯ 1999ರಲ್ಲಿ. ಕಟ್ಟಡ ಸಂಪೂರ್ಣ ನೆಲಸಮವಾದದ್ದು 2009ರಲ್ಲಿ. ಖಾಲಿ ನೆಲದಲ್ಲಿ ಕಳೆ ಬೆಳೆಯುವುದನ್ನು ನೋಡಲಾರದೆ ಆ ಊರಿನ ಕೆಲವರು ವರ್ಷಗಟ್ಟಲೆ ತಾವೇ ಯಂತ್ರ ತಂದು ಹುಲ್ಲು ಕತ್ತರಿಸಿದರು. ಈಗ ಅದೇ ನೆಲದಲ್ಲಿ ಮಕ್ಕಳ ಆಟಕ್ಕೆ ಮೈದಾನವಿದೆ. ನ್ಯೂಯಾರ್ಕಿನ ಹಳೆಯ ಯಾಂಕಿ ಕ್ರೀಡಾಂಗಣ ನಮ್ಮವರಿಗೆ ಇನ್ನೂ ಹತ್ತಿರದ್ದು. 1965ರಲ್ಲಿ ಜಗದ್ಗುರು ಆರನೆಯ ಪೌಲರು, 1979ರಲ್ಲಿ ಎರಡನೆಯ ಜಾನ್ ಪೌಲರು, 2008ರಲ್ಲಿ ಹದಿನಾರನೆಯ ಬೆನೆಡಿಕ್ಟರು ಬಲಿಪೂಜೆ ಅರ್ಪಿಸಿದ ಆ ಸ್ಥಳವನ್ನು 2010ರಲ್ಲಿ ಕೆಡವಿ ಮುಗಿಸಲಾಯಿತು. ಮೂವರು ಜಗದ್ಗುರುಗಳ ಪೂಜಾಸ್ಥಳ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಇಷ್ಟೂ ಅಭಿಮಾನದ ಕಥೆ. ಮಕ್ಕಳಿಗೆ ಯಾರು ಬೇಕಾದರೂ ಹೇಳಬಹುದಾದ ಕಥೆ. ಆದರೆ ಫೆನ್ವೇಗೆ ಇನ್ನೊಂದು ಕಥೆಯಿದೆ. ಅದನ್ನು ಹೇಳದೆ ಮಕ್ಕಳನ್ನು ಅಲ್ಲಿಂದ ಕರೆತರಬಾರದು ಎಂಬುದಕ್ಕಾಗಿಯೇ ನಾವು ಈ ವಾರ ಲೇಖನಿ ಹಿಡಿದದ್ದು.

1945ರ ಏಪ್ರಿಲ್ 16ರಂದು ಮೂವರು ಕಪ್ಪು ಆಟಗಾರರು ಈ ಮೈದಾನಕ್ಕೆ ಬಂದರು. ಜಾಕಿ ರಾಬಿನ್ಸನ್, ಸ್ಯಾಮ್ ಜೆಥ್ರೋ, ಮಾರ್ವಿನ್ ವಿಲಿಯಮ್ಸ್. ಆ ಕಾಲದಲ್ಲಿ ದೊಡ್ಡ ಲೀಗುಗಳ ಹದಿನಾರು ತಂಡಗಳಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನಿರಲಿಲ್ಲ. ಅವರದು ಬೇರೆ ಲೀಗು, ಬೇರೆ ಬಸ್ಸು, ಬೇರೆ ಊಟದ ಮನೆ. ನಗರಸಭೆಯ ಇಸಡೋರ್ ಮಚ್ನಿಕ್ ಎಂಬ ಸದಸ್ಯರು, ಕಪ್ಪು ಆಟಗಾರರಿಗೆ ಅವಕಾಶ ನೀಡದಿದ್ದರೆ ಭಾನುವಾರದ ಆಟದ ಅನುಮತಿಗೆ ತಾನು ಒಪ್ಪುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಮೇಲೆ ಹೇಳಿದ ಭಾನುವಾರದ ಕಾನೂನು ಹೀಗೆ ಒಂದು ಸತ್ಕಾರ್ಯಕ್ಕೆ ಒದಗಿತು. ವೆಂಡೆಲ್ ಸ್ಮಿತ್ ಎಂಬ ಕಪ್ಪು ಪತ್ರಕರ್ತರು ಮೂವರನ್ನು ಕರೆತಂದರು. ಅವರು ಆಡಿ ತೋರಿಸಿದರು. ರಾಬಿನ್ಸನ್ನನ ಹೊಡೆತಗಳು ಎಡಗೋಡೆಯನ್ನು ಬಡಿದವು. ತಿಳಿಸುತ್ತೇವೆ ಎಂದು ಹೇಳಿ ಕಳುಹಿಸಿದರು. ಯಾವ ತಿಳಿವಳಿಕೆಯೂ ಬರಲಿಲ್ಲ.

ಎರಡು ವರ್ಷಗಳ ಅನಂತರ, 1947ರ ಏಪ್ರಿಲ್ 15ರಂದು, ಬ್ರೂಕ್ಲಿನ್ ತಂಡದ ಅಂಗಿ ತೊಟ್ಟು ರಾಬಿನ್ಸನ್ ಮೈದಾನಕ್ಕಿಳಿದು ಆ ದೇಶದ ಕ್ರೀಡೆಯ ಚರಿತ್ರೆಯನ್ನೇ ಬದಲಾಯಿಸಿದ. 1950ರಲ್ಲಿ ಜೆಥ್ರೋ ಬಾಸ್ಟನ್ನಿನದೇ ಇನ್ನೊಂದು ತಂಡ ಸೇರಿ ಲೀಗಿನ ವರ್ಷದ ಶ್ರೇಷ್ಠ ಹೊಸ ಆಟಗಾರನೆನಿಸಿಕೊಂಡ. ಆಗ ರಾಬಿನ್ಸನ್ನನನ್ನು ಎಲ್ಲರಿಗಿಂತ ಮೊದಲು ಪಡೆಯಬಹುದಾಗಿದ್ದ ರೆಡ್ ಸಾಕ್ಸ್, ಕಪ್ಪು ಆಟಗಾರನನ್ನು ಕಣಕ್ಕಿಳಿಸಿದ ತಂಡಗಳಲ್ಲಿ ಕಟ್ಟಕಡೆಯದಾಯಿತು. ಪಂಪ್ಸಿ ಗ್ರೀನ್ ಆ ತಂಡದ ಪರವಾಗಿ ಶಿಕಾಗೋದಲ್ಲಿ ಮೊದಲ ಬಾರಿ ಆಡಿದ್ದು 1959ರ ಜುಲೈ 21ರಂದು. ಮುಂದಿನ ತಿಂಗಳು ಫೆನ್ವೇಯಲ್ಲಿ ಮೊದಲ ಸಲ ಬ್ಯಾಟು ಹಿಡಿದಾಗ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆತ ಹೊಡೆದ ಚೆಂಡು ಅದೇ ಎಡಗೋಡೆಗೆ ಹೋಗಿ ಬಡಿಯಿತು.

ಇಲ್ಲಿಯೇ ನಾವು ಆ ಮೇಯರರ ವಿಷಯಕ್ಕೆ ಮರಳಬೇಕಾಗಿದೆ. ಆ ಹದಿನಾಲ್ಕು ವರ್ಷಗಳ ಕಾಲ ಫೆನ್ವೇಯ ಸಾಲುಗಳಲ್ಲಿ ಕುಳಿತವರಲ್ಲಿ ಬಹುಮಂದಿ ಕಥೋಲಿಕರು. ಬಾಗಿಲ ಹೊರಗೆ ನಿಂತವರ ಮಕ್ಕಳು, ಮೊಮ್ಮಕ್ಕಳು. ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಮಧ್ಯಾಹ್ನ ಪಂದ್ಯಕ್ಕೆ ಬಂದವರು. ತಮ್ಮ ತಾತಂದಿರಿಗಾದುದನ್ನು ಮನೆಯಲ್ಲಿ ಕೇಳಿ ಬೆಳೆದವರಿಗೆ ಮೈದಾನದಲ್ಲಿ ಒಂದೇ ಬಣ್ಣದ ಮುಖಗಳು ಕಾಣುತ್ತಿದ್ದುದು ವಿಶೇಷವೆನಿಸಲಿಲ್ಲ. ಧ್ವನಿಯೆತ್ತಿದವರು ಒಬ್ಬ ಯಹೂದಿ ನಗರಸಭಾ ಸದಸ್ಯ, ಒಬ್ಬ ಕಪ್ಪು ಪತ್ರಕರ್ತ, ಇನ್ನು ಬೆರಳೆಣಿಕೆಯ ಕೆಲವರು. ಒಳಗೆ ಬಂದವನಿಗೆ ತಾನು ಹೊರಗೆ ನಿಂತಿದ್ದ ಬಾಗಿಲು ಎಷ್ಟು ಬೇಗ ಮರೆತುಹೋಗುತ್ತದೆ! ವಲಸೆ ಹೋಗಿ ಬೇರು ಬಿಡುತ್ತಿರುವ ನಮ್ಮ ಕುಟುಂಬಗಳ ಮಕ್ಕಳಿಗೆ ಹೇಳಬೇಕಾದದ್ದು ಇದಕ್ಕಿಂತ ಬೇರೆ ಏನಿದೆ? ಅವರ ಶಾಲೆಯಲ್ಲಿ, ಅವರ ಬೀದಿಯಲ್ಲಿ ಯಾರಿಗೆ ಇನ್ನೂ 'ತಿಳಿಸುತ್ತೇವೆ' ಎಂದು ಹೇಳಿ ಕಳುಹಿಸಲಾಗುತ್ತಿದೆ ಎಂಬುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು.

ಇಂತಹ ಮಾತನ್ನು ರಜೆಯ ಸಂತೋಷದ ನಡುವೆ ಮಕ್ಕಳ ಕಿವಿಗೆ ಹಾಕಬೇಕೆ ಎಂಬ ಆಕ್ಷೇಪವನ್ನು ನಾವು ಕೇಳಿದ್ದೇವೆ. ಮೈದಾನವೇ ಅದನ್ನು ಮುಚ್ಚಿಟ್ಟಿಲ್ಲ ಎಂಬುದು ನಮ್ಮ ಉತ್ತರ. 1933ರಿಂದ 1976ರಲ್ಲಿ ತೀರಿಕೊಳ್ಳುವ ತನಕ ಟಾಮ್ ಯಾಕಿ ಎಂಬವರು ತಂಡದ ಒಡೆಯರಾಗಿದ್ದರು. ಅವರ ಕಾಲದಲ್ಲೇ ಬಾಗಿಲು ಮುಚ್ಚಿತ್ತು. ಅವರ ಗೌರವಾರ್ಥ ಮೈದಾನದ ಮುಂದಿನ ಬೀದಿಗೆ ಇಟ್ಟಿದ್ದ ಹೆಸರನ್ನು ತಂಡದ ಇಂದಿನ ಮಾಲೀಕರ ಕೋರಿಕೆಯ ಮೇರೆಗೆ 2018ರಲ್ಲಿ ತೆಗೆದು, ಮೊದಲಿನ ಜೆರ್ಸಿ ಬೀದಿ ಎಂಬ ಹೆಸರನ್ನೇ ಮರಳಿಸಲಾಯಿತು. ಯಾಕಿಯವರ ಹೆಸರಿನ ಪ್ರತಿಷ್ಠಾನ ಇದನ್ನು ವಿರೋಧಿಸಿತು. ಅದರ ಮಾತಿನಲ್ಲೂ ಹುರುಳಿಲ್ಲದಿಲ್ಲ: ಆಸ್ಪತ್ರೆಗಳಿಗೆ ಅವರ ಸಂಪತ್ತಿನಿಂದ ಹರಿದ ದಾನ ಅಪಾರ. ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯ ಜಿಮ್ಮಿ ನಿಧಿಗೆ ತಂಡ 1953ರಿಂದ ಬೆನ್ನೆಲುಬಾಗಿ ನಿಂತಿದೆ. ಎರಡೂ ನಿಜ. ಹೆಸರು ತೆಗೆದದ್ದು ಸರಿಯೆಂದೇ ನಮ್ಮ ಅಭಿಪ್ರಾಯ, ಏಕೆಂದರೆ ಬೀದಿಯ ಹೆಸರು ಪಂದ್ಯಕ್ಕೆ ಬರುವ ಎಲ್ಲರಿಗೂ ಸ್ವಾಗತ ಹೇಳಬೇಕಾದದ್ದು. ಆದರೆ ಹೆಸರು ತೆಗೆದ ಮಾತ್ರಕ್ಕೆ ಹೇಳುವ ಕೆಲಸ ಮುಗಿಯುವುದಿಲ್ಲ; ಫಲಕವಿಲ್ಲದ ಬೀದಿಯಲ್ಲಿ ಮಗು ಪ್ರಶ್ನೆ ಕೇಳುವುದೂ ಇಲ್ಲ.

ಮಗು ಕೇಳುವುದು ಕಣ್ಣಿಗೆ ಕಂಡದ್ದರ ಬಗ್ಗೆ. ಬಲಬದಿಯ ಹಿಂಭಾಗದ ಸಾವಿರಾರು ಹಸಿರು ಸೀಟುಗಳ ನಡುವೆ ಒಂದೇ ಒಂದು ಕೆಂಪು ಸೀಟು ಇದೆ. ವಿಭಾಗ 42, ಸಾಲು 37, ಸೀಟು 21. 1946ರ ಜೂನ್ 9ರಂದು ಟೆಡ್ ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ ದೂರ ಹಾರಿ ಅಲ್ಲಿ ಕುಳಿತಿದ್ದ ಇಂಜಿನಿಯರರೊಬ್ಬರ ಹುಲ್ಲಿನ ಟೋಪಿಗೆ ತೂತು ಮಾಡಿತು. ಎಲ್ಲ ಮಕ್ಕಳೂ ಮೊದಲು ಕೇಳುವುದು ಆ ಸೀಟನ್ನೇ. ಕೇಳಲಿ. ಕಥೆಯನ್ನು ಟೋಪಿಯಲ್ಲಿ ನಿಲ್ಲಿಸದೆ ಮುಂದುವರಿಸಬೇಕು. ಅದೇ ವಿಲಿಯಮ್ಸ್ ಪತ್ರಕರ್ತರಿಗೆ ತಿಳಿಯದಂತೆ ಕ್ಯಾನ್ಸರ್ ಪೀಡಿತ ಮಕ್ಕಳನ್ನು ನೋಡಲು ಆಸ್ಪತ್ರೆಗೆ ಹೋಗುತ್ತಿದ್ದ. 1966ರಲ್ಲಿ ಬೇಸ್‌ಬಾಲಿನ ಅತ್ಯುನ್ನತ ಗೌರವ ಸ್ವೀಕರಿಸುವಾಗ ತನ್ನ ಸಾಧನೆಯ ಮಾತಿನಲ್ಲೇ ಮುಗಿಸದೆ, ಅವಕಾಶ ಸಿಗದೆ ಹೋದ ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್ ಎಂಬ ಕಪ್ಪು ಆಟಗಾರರಿಗೂ ಈ ಗೌರವ ಸಲ್ಲಬೇಕೆಂದು ಆಶಿಸಿದ. ಆ ವೇದಿಕೆಯ ಮೇಲೆ ಯಾರೂ ನಿರೀಕ್ಷಿಸಿರದ ಮಾತು. 1971ರಲ್ಲಿ ಪೇಜ್, ಮರುವರ್ಷ ಗಿಬ್ಸನ್ ಆ ಗೌರವ ಪಡೆದರು.

ಮಕ್ಕಳಿಗೆ ತೋರಿಸಬೇಕಾದ ಎರಡನೆಯದು ಬಲಬದಿಯ ಛಾವಣಿಯ ಮುಂಭಾಗದಲ್ಲಿರುವ ಅಂಕಿಗಳ ಸಾಲು. ತಂಡದ ಮಹನೀಯ ಆಟಗಾರರ ಅಂಗಿಯ ಸಂಖ್ಯೆಗಳವು. ಇನ್ನಾರೂ ಅವನ್ನು ತೊಡುವಂತಿಲ್ಲ. ವಿಲಿಯಮ್ಸ್‌ನ 9 ಅಲ್ಲಿದೆ. 1945ರಲ್ಲಿ ತಂಡದ ಮ್ಯಾನೇಜರ್ ಆಗಿದ್ದ ಜೋ ಕ್ರೋನಿನ್ನನ 4 ಕೂಡ ಇದೆ. ಉಳಿದವೆಲ್ಲ ಕೆಂಪಗಿದ್ದರೆ ಒಂದು ಮಾತ್ರ ನೀಲಿ. ಅದು 42, ರಾಬಿನ್ಸನ್ನನದು. 1997ರಲ್ಲಿ ಎಲ್ಲ ತಂಡಗಳೂ ಆ ಸಂಖ್ಯೆಯನ್ನು ಗೌರವದಿಂದ ಬದಿಗಿಟ್ಟವು. ಈ ತಂಡಕ್ಕಾಗಿ ಎಂದೂ ಆಡದವನ ಸಂಖ್ಯೆ ಇಲ್ಲೇಕೆ, ಅದರ ಬಣ್ಣ ಬೇರೆಯೇಕೆ ಎಂದು ಮಗು ಕೇಳಿದರೆ, ಅಜ್ಜ ಅಜ್ಜಿಯರು ಉತ್ತರಕ್ಕೆ ಸಿದ್ಧರಾಗಿ ಹೋಗಿರಬೇಕು. ಅಷ್ಟು ಹೊತ್ತು ಆಟದ ಪಾಠ ಹೇಳಿದ ಮೊಮ್ಮಗಳಿಗೆ ಹಿರಿಯರು ಸಲ್ಲಿಸಬಹುದಾದ ಗುರುದಕ್ಷಿಣೆಯೂ ಅದೇ.

ಖರ್ಚಿನ ಬಗ್ಗೆ ಒಂದು ಮಾತು. ಸುಮಾರು 37,700 ಮಂದಿಗೆ ಮಾತ್ರ ಸ್ಥಳವಿರುವ ಈ ಮೈದಾನ ಆ ದೇಶದ ದುಬಾರಿ ಬೇಸ್‌ಬಾಲ್ ಮೈದಾನಗಳಲ್ಲಿ ಒಂದೆಂಬ ಹೆಸರು ಪಡೆದಿದೆ. ಕೂಲಿ ಕಾರ್ಮಿಕರು ಮಕ್ಕಳ ಕೈಹಿಡಿದು ಬರುತ್ತಿದ್ದ ಕಡೆ ಈಗ ಐದು ಮಂದಿಯ ಕುಟುಂಬ ಒಂದು ಸಂಜೆ ಕಳೆಯಬೇಕಾದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಉಳಿಸಿದ ಮೈದಾನ ಉಳಿಸಿದವರಿಗೇ ಎಟುಕದಂತಾಗುವುದು ಬಾಗಿಲು ಮುಚ್ಚುವ ಇನ್ನೊಂದು ರೀತಿ ಎಂದು ನಾವು ಹೇಳಿದರೆ ಅಲ್ಲಿನ ಆಡಳಿತಕ್ಕೆ ರುಚಿಸಲಾರದು. ಪಂದ್ಯವೇ ಬೇಕೆಂದಿಲ್ಲ, ಮಾರ್ಗದರ್ಶಿಯೊಡನೆ ಸುಮಾರು ಒಂದು ಗಂಟೆ ಮೈದಾನ ಸುತ್ತಿ ನೋಡುವ ಏರ್ಪಾಡೂ ಇದೆ. ಪಂದ್ಯಕ್ಕೇ ಹೋಗುವವರು ಮೂರನೆಯ ಬೇಸ್ ಕಡೆಯ ಸೀಟು ಕೇಳಿಕೊಳ್ಳುವುದು ಲೇಸು. ಅಲ್ಲಿಂದ ನೀಲಿ ಅಂಕಿ ಎದುರಿಗೇ ಕಾಣುತ್ತದೆ. ಹಳೆಯ ಮರದ ಸೀಟುಗಳ ಭಾಗದಲ್ಲಿ ಕಬ್ಬಿಣದ ಕಂಬಗಳು ದೃಷ್ಟಿಗೆ ಅಡ್ಡ ಬರುವುದುಂಟು. ಟಿಕೇಟು ಕೊಳ್ಳುವ ಮುನ್ನ ಅದನ್ನೂ ವಿಚಾರಿಸಿಕೊಳ್ಳಬೇಕು.